ಕೇಳದೆ ಹಾಕಿದ ರಜೆ

(ತಿಪಟೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)

ಅಧ್ಯಕ್ಷರೆ, ದತ್ತಿ ಇಟ್ಟ ಮನೆತನದವರೆ, ಮಂಡಿ ವರ್ತಕರೆ, ಕೊಬ್ಬರಿ ಪುಡಿಯ ಕಾರ್ಖಾನೆ, ನಾರಿನ ಕಾರ್ಖಾನೆ ನಡೆಸುವವರೆ, ಮತ್ತು ಅರ್ಧ ದಿನದ ಕೂಲಿ ಬಿಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ತಾಯಂದಿರೆ,

ದುಡಿಮೆಯ ಬಗ್ಗೆ ವರ್ಷಕ್ಕೊಂದು ಮಾತು ಈ ಊರಿನಲ್ಲಿ ನಡೆಯಬೇಕು ಎಂಬುದು ದತ್ತಿ ಇಟ್ಟವರ ಆಸೆ. ಈ ಸಲ ನಾನು ಎತ್ತಿಕೊಂಡಿರುವುದು ರಜೆಯ ವಿಚಾರ. ಸಂಬಳ ಸಹಿತ ರಜೆ, ಅದರ ಬೆನ್ನಿಗೇ ಬರುವ ಇನ್ನೊಂದು ಮಾತು: "ಹೇಳದೆ ಕೇಳದೆ ಕೈ ಕೊಟ್ಟರು." ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಯಾವ ತೋಟದ ಬದುವಿನ ಮೇಲೆ ನಿಂತರೂ, ಯಾವ ಕಾರ್ಖಾನೆಯ ಗೇಟಿನಲ್ಲಿ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ.

ನಾನು ಈ ಸೀಮೆಯ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಹಾಜರಿ ಪುಸ್ತಕ ಬರೆದವನು. ಬಂದವರ ಹೆಸರಿನ ಮುಂದೆ 'ಪಿ', ಬಾರದವರ ಮುಂದೆ ಕೆಂಪು ಶಾಯಿಯಲ್ಲಿ 'ಎ'. ತಿಂಗಳ ಕೊನೆಗೆ 'ಎ'ಗಳನ್ನು ಎಣಿಸಿ ಬಟವಾಡೆಯಲ್ಲಿ ಕಳೆಯುವುದು ನನ್ನ ಕೆಲಸ. ಒಂದು ವರ್ಷ ರಾಗಿ ಕೊಯ್ಲಿನ ಹೊತ್ತಿಗೆ, ಎಂದೂ ತಪ್ಪಿಸಿಕೊಳ್ಳದ ಒಬ್ಬ ಹೆಣ್ಣುಮಗಳು ನಾಲ್ಕು ದಿನ ಬರಲಿಲ್ಲ. ಕರಟ ಬಿಡಿಸಿದ ಕಾಯಿಯ ಕಂದು ಸಿಪ್ಪೆ ಹೆರೆಯುವುದರಲ್ಲಿ ಅವಳಷ್ಟು ಚುರುಕು ಕೈ ಇನ್ನೊಂದಿರಲಿಲ್ಲ. ಐದನೆಯ ದಿನ ಬಂದಾಗ ಅವಳನ್ನು ಕಚೇರಿಯ ಬಾಗಿಲಲ್ಲಿ ನಿಲ್ಲಿಸಿಕೊಂಡೇ ಕೇಳಿದೆ: "ಯಾಕಮ್ಮ, ಹಿಂದಿನ ದಿನ ಒಂದು ಮಾತು ಹೇಳಬಾರದಿತ್ತಾ?" ಅವಳು ಸೆರಗು ಸರಿ ಮಾಡಿಕೊಂಡು ಹೇಳಿದಳು: "ಕೇಳಿದ್ರೆ ಬ್ಯಾಡ ಅಂತಿದ್ರಿ ಸಾ. ಬ್ಯಾಡ ಅಂದ್ಮೇಲೆ ಹೋದ್ರೆ ನಿಮ್ಗೆ ಎದುರು ಬಿದ್ದಂಗೆ ಆಯ್ತದೆ. ಅದ್ಕೇ ಕೇಳ್ಲೇ ಇಲ್ಲ."

ಆ ದಿನ ನಾನು ಅವಳಿಗೆ ನೋಟಿಸು ಬರೆದೆ. ಅದು ತಪ್ಪಾಗಿತ್ತು ಎಂದು ಇವತ್ತು ಈ ವೇದಿಕೆಯ ಮೇಲೆ ನಿಂತು ಹೇಳುತ್ತಿದ್ದೇನೆ. ಅವಳ ಮಾತಿನಲ್ಲಿದ್ದದ್ದು ಉಡಾಫೆಯಲ್ಲ, ಮರ್ಯಾದೆ. ರಾಗಿ ತೆನೆ ಹೊಲದಲ್ಲಿ ಒಣಗಿ ನಿಂತಿದೆ, ಮಳೆ ಮೋಡ ಕಾಣುತ್ತಿದೆ, ಅವಳು ಹೋಗಲೇಬೇಕು. ಕೇಳಿ, ಇಲ್ಲವೆನಿಸಿಕೊಂಡು, ಆಮೇಲೆ ಹೋದರೆ ಹಿರಿಯರ ಮಾತು ಮೀರಿದ ಹಾಗೆ. ಕೇಳದೆ ಹೋದರೆ ಬರೀ ತಪ್ಪು. ಎರಡರಲ್ಲಿ ಚಿಕ್ಕದನ್ನು ಅವಳು ಆರಿಸಿಕೊಂಡಿದ್ದಳು. ನಾವು ಮುನ್ಸೂಚನೆಯಿಲ್ಲದ ಗೈರು ಎಂದು ಕರೆಯುವುದರಲ್ಲಿ ಹೆಚ್ಚಿನ ಪಾಲು ಹೀಗೆ ಹುಟ್ಟುತ್ತದೆ: ಕೇಳಿದರೆ ಸಿಗದು ಎಂದು ಗೊತ್ತಿರುವ ರಜೆಯನ್ನು ಜನ ಕೇಳುವುದನ್ನೇ ಬಿಡುತ್ತಾರೆ.

ಆ ವಾರದ ಕೊನೆಗೆ ಹಳೆಯ ಮೂರು ವರ್ಷದ ಹಾಜರಿ ಪುಸ್ತಕಗಳನ್ನು ಮನೆಗೆ ಹೊತ್ತು ತಂದೆ. ಪಕ್ಕದಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇಟ್ಟುಕೊಂಡು ಒಂದೊಂದೇ ಕೆಂಪು 'ಎ'ಯ ತಾರೀಖನ್ನು ತಾಳೆ ನೋಡುತ್ತಾ ಹೋದೆ. ಯುಗಾದಿಯ ಮಾರನೆಯ ದಿನ ಹೊಸತೊಡಕು. ಪುಟದ ಉದ್ದಕ್ಕೂ ಕೆಂಪು. ಗೌರಿ ಹಬ್ಬದ ಹಿಂದು ಮುಂದು, ತವರಿಗೆ ಬಾಗಿನಕ್ಕೆ ಹೋದ ಹೆಣ್ಣುಮಕ್ಕಳ ಸಾಲಿನಲ್ಲೆಲ್ಲ ಕೆಂಪು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಒಂದೊಂದು ಮನೆಗೆ ಒಂದೊಂದು, ಆದರೆ ಆ ಹದಿನೈದು ದಿನದಾಚೆಗೆ ಹೋಗುವುದಿಲ್ಲ. ಕಾರ್ತಿಕ ಮಾರ್ಗಶಿರದಲ್ಲಿ ರಾಗಿ ಕೊಯ್ಲು, ಆಮೇಲೆ ಒಕ್ಕಣೆ. ಬೇಸಗೆಯಲ್ಲಿ ಊರ ಜಾತ್ರೆ, ಮದುವೆಗಳು. ಜೂನ್ ಹುಟ್ಟುತ್ತಲೇ ಮಕ್ಕಳನ್ನು ಶಾಲೆಗೆ ಸೇರಿಸುವ ಓಡಾಟ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಆ ದಿನ ಒಂದು ಗುಂಪು, ಹನ್ನೊಂದನೆಯ ದಿನ ತಿಥಿಗೆ ಅದೇ ಗುಂಪು ಮತ್ತೆ.

ಪುಸ್ತಕ ಮುಚ್ಚಿದಾಗ ನನಗೆ ಉಳಿದದ್ದು ಒಂದೇ ಪ್ರಶ್ನೆ. ಇದರಲ್ಲಿ ಅನಿರೀಕ್ಷಿತವಾದದ್ದು ಯಾವುದು? ಸಾವು, ಜ್ವರ, ಬಿದ್ದು ಏಟು ಮಾಡಿಕೊಂಡದ್ದು ಬಿಟ್ಟರೆ ಮಿಕ್ಕಿದ್ದೆಲ್ಲ ಊರಿಗೆ ಊರೇ ತಿಂಗಳ ಮೊದಲು ತಿಳಿದ ಸಂಗತಿ. ತಿಳಿಯದೆ ಇದ್ದದ್ದು ಕಾರ್ಖಾನೆಯ ಕಚೇರಿಗೆ ಮಾತ್ರ.

ಇನ್ನು ಕೆಲವು ಗೈರುಗಳಿಗೆ ಪಂಚಾಂಗದಲ್ಲಿ ಉತ್ತರ ಸಿಗಲಿಲ್ಲ. ಅವುಗಳ ಬೆನ್ನು ಹತ್ತಿ ಜನರನ್ನು ಮಾತಾಡಿಸಿದೆ. ತೋಟಕ್ಕೆ ನೀರು ಹಾಯಿಸುವ ಮನೆಯ ಗಂಡಸು ಬೆಳಗ್ಗೆ ಪಾಳಿಗೆ ಬಾರದ ದಿನ, ಹಿಂದಿನ ರಾತ್ರಿ ಅವನ ಊರಿಗೆ ತ್ರೀ ಫೇಸ್ ಕರೆಂಟು ಸರದಿ ಬಂದಿರುತ್ತದೆ. ಬೋರ್‌ವೆಲ್ ಮೋಟಾರಿನ ಪಕ್ಕದಲ್ಲಿ ರಾತ್ರಿ ಕಳೆದವನು ಹೊತ್ತಾರೆ ಏಳಕ್ಕೆ ಮೆಷಿನ್ನಿನ ಮುಂದೆ ನಿಲ್ಲುವುದು ಹೇಗೆ? ನಿಂತರೂ ನಿಲ್ಲಬಾರದು, ಬೆರಳು ಹೋಗುತ್ತದೆ. ಆಮೇಲೆ ಪಡಿತರ: ಹೆಬ್ಬೆಟ್ಟು ಒತ್ತಲು ಮನೆಯವರೇ ಹೋಗಬೇಕು, ಹೋದ ದಿನ ಸರ್ವರ್ ಇರುವುದಿಲ್ಲ, ಮತ್ತೊಂದು ದಿನ ಹೋಗಬೇಕು. ಬ್ಯಾಂಕು, ತಾಲ್ಲೂಕು ಕಚೇರಿ, ಆಧಾರ್ ತಿದ್ದುಪಡಿ ಎಲ್ಲವೂ ಕಾರ್ಖಾನೆ ನಡೆಯುವ ಹೊತ್ತಿನಲ್ಲೇ ತೆರೆದು, ಕಾರ್ಖಾನೆ ಮುಚ್ಚುವ ಹೊತ್ತಿಗೆ ಮುಚ್ಚುತ್ತವೆ. ಎರಡು ಗಂಟೆಯ ಕೆಲಸಕ್ಕೆ ಬಡವರು ಇಡೀ ದಿನದ ಕೂಲಿ ಕಳೆದುಕೊಳ್ಳುತ್ತಿದ್ದಾರೆ. ಅದೇ ಎರಡು ಗಂಟೆಗೆ ಮಾಲೀಕರು ಒಂದು ಜೊತೆ ಕೈಯನ್ನು ಇಡೀ ದಿನ ಕಳೆದುಕೊಳ್ಳುತ್ತಾರೆ. ಮಧ್ಯಾಹ್ನದ ತನಕ ಬಿಡುವು ಕೊಟ್ಟಿದ್ದರೆ ಇಬ್ಬರಿಗೂ ಅರ್ಧ ದಿನ ಉಳಿಯುತ್ತಿತ್ತು.

ಮಾಲೀಕರ ಕಷ್ಟವನ್ನು ನಾನು ಹಗುರವಾಗಿ ಕಾಣುವವನಲ್ಲ. ನಮ್ಮ ಸೀಮೆಯ ಹೆಸರು ಇರುವುದು ಉಂಡೆ ಕೊಬ್ಬರಿಯಿಂದ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಎನ್ನುತ್ತದೆ. ಆಗ ಸುಲಿದು, ಒಡೆದು, ವಾರಕ್ಕೆ ಎರಡು ದಿನ ನಡೆಯುವ ಹರಾಜಿಗೆ ತರುತ್ತೇವೆ. ಆ ಕೆಲಸಕ್ಕೆ ಆಳು ಒಂದು ದಿನ ತಡವಾಗಿ ಬಂದರೆ ಆಕಾಶ ಕಳಚಿ ಬೀಳುವುದಿಲ್ಲ. ಒಂದು ವರ್ಷ ಕಾದ ಕಾಯಿ ಇನ್ನೊಂದು ದಿನ ಕಾಯುತ್ತದೆ. ಪುಡಿ ಕಾರ್ಖಾನೆಯ ಕತೆ ಬೇರೆ. ಅಲ್ಲಿ ಬರುವುದು ಹಸಿ ಕಾಯಿ. ಕರಟ ಬಿಡಿಸಿ, ಸಿಪ್ಪೆ ಹೆರೆದು, ನೀರು ಚೆಲ್ಲಿ, ತೊಳೆದು, ತುರಿದು, ಒಣಗಿಸಿ, ಜರಡಿ ಹಿಡಿದು ತುಂಬುವ ತನಕ ಒಂದೇ ಓಟ. ಒಡೆದ ಕಾಯಿ ಹೊತ್ತು ಮೀರಿದರೆ ಹುಳಿಯುತ್ತದೆ, ಬಣ್ಣ ಕೆಡುತ್ತದೆ. ಬೆಳಗ್ಗೆ ಕರಟ ಬಿಡಿಸುವ ನಾಲ್ವರು ಬಾರದಿದ್ದರೆ, ಒಣಗಿಸುವ ಯಂತ್ರ ಬಿಸಿಯೇರಿ ಬರಿದೇ ಉರಿಯುತ್ತದೆ, ತುಂಬುವ ಹೆಣ್ಣುಮಕ್ಕಳು ಕೈಕಟ್ಟಿ ಕೂರುತ್ತಾರೆ. ಅಟ್ಟದ ಕೊಬ್ಬರಿಯ ಕಾಲದಲ್ಲಿ ಕಲಿತ ರಜೆಯ ರೀತಿ, ಹಸಿ ಕಾಯಿಯ ಕಾರ್ಖಾನೆಗೆ ಸಾಲದು. ಇದನ್ನು ದುಡಿಯುವವರೂ ಅರಿಯಬೇಕು.

ಹಾಗಾದರೆ ಕಾನೂನು ಏನು ಕೊಟ್ಟಿದೆ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ಸಭೆಯಲ್ಲಿರುವ ಅನೇಕರಿಗೆ ತಮಗೆ ಬರಬೇಕಾದ್ದು ಎಷ್ಟೆಂದು ಯಾರೂ ಹೇಳಿರಲಾರರು.

ಮೊದಲು ರಜೆ ಕಾನೂನಾಗಿ ಬಂದ ದಾರಿ. ನಮ್ಮ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅದು ಬಸವಣ್ಣನ ದಿನ. ಮೂಕ ಪ್ರಾಣಿಗೆ ವಾರದ ರಜೆ ಕೊಟ್ಟ ನಾಡಿನಲ್ಲಿ, ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಗಲು ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿ 1890ರವರೆಗೆ ಕಾಯಬೇಕಾಯಿತು. ಅದೂ ಸಂಬಳವಿಲ್ಲದ ರಜೆ. ಸಂಬಳ ಕೊಟ್ಟು ರಜೆ ಕೊಡಬೇಕೆಂಬ ಅಂತರರಾಷ್ಟ್ರೀಯ ಒಡಂಬಡಿಕೆ ಜಿನೀವಾದಲ್ಲಿ ಆದದ್ದು 1936ರಲ್ಲಿ. ಅದೇ ವರ್ಷ ಫ್ರಾನ್ಸಿನ ಕಾರ್ಮಿಕರು ಮುಷ್ಕರ ಹೂಡಿ ಎರಡು ವಾರದ ರಜೆ ಗಿಟ್ಟಿಸಿಕೊಂಡರು. ನಮ್ಮಲ್ಲಿ ಹಳೆಯ ಕಾರ್ಖಾನೆ ಕಾಯ್ದೆಗೆ 1945ರಲ್ಲಿ ಆದ ತಿದ್ದುಪಡಿಯಿಂದ ಕಾರ್ಖಾನೆಗಳಿಗೆ ಸಂಬಳದ ರಜೆ ಬಂತು, 1948ರ ಕಾರ್ಖಾನೆ ಕಾಯ್ದೆ ಅದನ್ನು ಗಟ್ಟಿ ಮಾಡಿತು.

ಆ ಕಾಯ್ದೆಯ ಲೆಕ್ಕ ಸರಳವಾಗಿತ್ತು. ವರ್ಷದಲ್ಲಿ 240 ದಿನ ದುಡಿದರೆ, ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳದ ರಜೆ. 240ಕ್ಕೆ 12, 300ಕ್ಕೆ 15. ಅದೇ ಕಾಯ್ದೆ ದುಡಿಯುವವರ ಮೇಲೂ ಒಂದು ಹೊಣೆ ಹೊರಿಸಿತ್ತು: ರಜೆ ಬೇಕೆಂದು 15 ದಿನ ಮೊದಲೇ ಬರೆದು ಕೊಡಬೇಕು. ಕಾಯಿಲೆಗೆ ಮಾತ್ರ ಆ ಗಡುವಿರಲಿಲ್ಲ. ಮಾಲೀಕರ ಮೇಲೆ ಇನ್ನೊಂದು: ಕೇಳಿದ ರಜೆ ನಿರಾಕರಿಸಿದರೆ ಆ ದಿನಗಳು ಸಾಯುವುದಿಲ್ಲ, ಮುಂದಿನ ವರ್ಷದ ಖಾತೆಗೆ ಮಿತಿಯಿಲ್ಲದೆ ಸೇರುತ್ತವೆ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು, ಯಾರೂ ಓದದೆ ಬಿಟ್ಟ ಒಂದು ಉಪಕಲಮು. ಕೆಲಸ ನಿಲ್ಲದ ಹಾಗೆ ಯಾರು ಯಾವಾಗ ರಜೆ ಹೋಗಬೇಕೆಂದು ಮಾಲೀಕರೂ ಕಾರ್ಮಿಕರ ಪ್ರತಿನಿಧಿಗಳೂ ಕೂತು ಒಪ್ಪಂದದಿಂದ ಒಂದು ರಜಾ ಯೋಜನೆ ಮಾಡಿಕೊಂಡು, ಗೋಡೆಗೆ ಅಂಟಿಸಬಹುದು ಎಂದು ಅದು ಹೇಳಿತ್ತು. ಎಪ್ಪತ್ತಕ್ಕೂ ಹೆಚ್ಚು ವರ್ಷ ಈ ದಾರಿ ತೆರೆದಿತ್ತು. ನಾನು ಕೆಲಸ ಮಾಡಿದ ಕಡೆ ಅಂಥದೊಂದು ಹಾಳೆಯನ್ನು ಗೋಡೆಯ ಮೇಲೆ ಕಾಣಲಿಲ್ಲ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬಂದ ವೃತ್ತಿ ಸುರಕ್ಷತೆಯ ಸಂಹಿತೆ 240 ದಿನದ ಷರತ್ತನ್ನು 180ಕ್ಕೆ ಇಳಿಸಿದೆ. ನಮ್ಮ ಸೀಮೆಗೆ ಇದು ಸಣ್ಣ ಮಾತಲ್ಲ. ಕಾಯಿ ಬೆಲೆ ಏರಿದಾಗ ಓಡಿ, ಇಳಿದಾಗ ನಿಲ್ಲುವ ಘಟಕಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ 240 ಮುಟ್ಟುವುದು ಕಷ್ಟವಿತ್ತು. 180 ಮುಟ್ಟಬಹುದು, ಮುಟ್ಟಿದರೆ ಒಂಬತ್ತು ದಿನ. ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕೆಳಗೆ ಬರುತ್ತಾರೆ. ಅವರಿಗೂ 20ಕ್ಕೆ ಒಂದು ದಿನ ಉಂಟು, ಕಾಯಿಲೆಗೆಂದು ವರ್ಷಕ್ಕೆ 12 ದಿನ ಬೇರೆ ಉಂಟು. ನಮ್ಮ ರಾಜ್ಯದ 1963ರ ಹಬ್ಬದ ರಜೆಗಳ ಕಾಯ್ದೆ ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವಗಳ ಜೊತೆಗೆ ಇನ್ನೂ ಐದು ಹಬ್ಬಗಳಿಗೆ ಸಂಬಳದ ರಜೆ ಕೊಡಬೇಕೆಂದಿತು. ಆ ಐದನ್ನು ಆರಿಸುವಾಗ ಬೆಂಗಳೂರಿನ ಪಟ್ಟಿ ನಕಲು ಮಾಡುವ ಅಗತ್ಯವಿಲ್ಲ. ಹೊಸತೊಡಕಿನ ದಿನ ಗೇಟು ತೆರೆದಿಟ್ಟು ಅರ್ಧ ಜನ ಬಂದರೆಂದು ಗೋಳಾಡುವ ಬದಲು, ಅಂದೇ ಮುಚ್ಚಿ, ಜನ ಕೇಳದ ಇನ್ನೊಂದು ದಿನ ನಡೆಸುವುದು ಸರಿ.

ಕಾಯಿಲೆಯ ವಿಚಾರ ಬೇರೆಯಾಗಿ ಹೇಳಬೇಕು. ಇಎಸ್‌ಐ ವಿಮೆಗೆ ಒಳಪಟ್ಟವರಿಗೆ, ತಿಂಗಳ ಸಂಬಳ 21,000 ರೂಪಾಯಿ ಮೀರದವರಿಗೆ, ಕಾಯಿಲೆ ಬಿದ್ದ ದಿನಗಳಿಗೆ ಕೂಲಿಯ ನೂರಕ್ಕೆ 70ರಷ್ಟು ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಒಳ್ಳೆಯದು. ಆದರೆ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ನಮ್ಮ ಜನಕ್ಕೆ ಬರುವ ಜ್ವರ ಎಷ್ಟು ದಿನದ್ದು? ಎರಡೇ ದಿನದ್ದು! ಆ ಎರಡು ದಿನವನ್ನು ಯಾರೂ ಹೊರುವುದಿಲ್ಲ. ಹಾಗಾಗಿ ಜ್ವರದಲ್ಲೇ ಬಂದು, ಆಹಾರದ ವಸ್ತು ತಯಾರಾಗುವ ಜಾಗದಲ್ಲಿ ಕೆಮ್ಮುತ್ತಾ ಕೂರುತ್ತಾರೆ, ಪಕ್ಕದವಳಿಗೂ ಹಚ್ಚುತ್ತಾರೆ, ಮುಂದಿನ ವಾರ ಆರು ಮಂದಿ ಇಲ್ಲ. ವರ್ಷಕ್ಕೆ ನಾಲ್ಕೈದು ದಿನ, ಡಾಕ್ಟರ ಚೀಟಿ ಕೇಳದೆ, ಬಾಯಿ ಮಾತಿನ ಮೇಲೆ ಸಂಬಳದ ಕಾಯಿಲೆ ರಜೆ ಕೊಟ್ಟು ನೋಡಿ ಎಂದು ನಾನು ಮಾಲೀಕರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಚೀಟಿ ಕೇಳಿದರೆ ಅವರು ಡಾಕ್ಟರಿಗೆ ಕೊಡುವ ಫೀಜು ಒಂದು ದಿನದ ಕೂಲಿಯ ದೊಡ್ಡ ಪಾಲನ್ನು ತಿನ್ನುತ್ತದೆ.

ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಿತು. ಗಾರ್ಮೆಂಟ್ಸಿನಿಂದ ಐಟಿಯವರೆಗೆ ಎಲ್ಲರ ಹೆಸರೂ ಅದರಲ್ಲಿ ಬಂತು. ನಮ್ಮಲ್ಲಿ ಅದು ನಡೆಯಬೇಕಾದರೆ ಮೊದಲು ಒಂದು ಸಣ್ಣ ಕೆಲಸ ಆಗಬೇಕು. ರಜೆ ಕೇಳಬೇಕಾದದ್ದು ಮೀಸೆಯ ಮೇಸ್ತ್ರಿಯನ್ನಾದರೆ ಯಾವ ಹೆಣ್ಣುಮಗಳು ಬಾಯಿ ಬಿಟ್ಟಾಳು? ಅವಳು ತಲೆನೋವು ಅನ್ನುತ್ತಾಳೆ, ಅತ್ತೆಗೆ ಹುಷಾರಿಲ್ಲ ಅನ್ನುತ್ತಾಳೆ, ಕೊನೆಗೆ ಏನೂ ಹೇಳದೆ ಮನೆಯಲ್ಲಿ ಉಳಿಯುತ್ತಾಳೆ. ಹೆಂಗಸರು ಹೆಚ್ಚಿರುವ ಪ್ರತಿ ಘಟಕದಲ್ಲೂ ರಜೆ ಬರೆದುಕೊಳ್ಳುವ ಕೆಲಸವನ್ನು ಅವರಲ್ಲೇ ಒಬ್ಬ ಹಿರಿಯಳಿಗೆ ಕೊಡಿ.

ಹಾಜರಿ ಬೋನಸ್ಸಿನ ಬಗ್ಗೆ ಎರಡು ಮಾತು. ತಿಂಗಳಿಡೀ ತಪ್ಪದೆ ಬಂದರೆ ಇಷ್ಟು ಹೆಚ್ಚಿಗೆ, ಒಂದು ದಿನ ತಪ್ಪಿದರೂ ಪೂರ್ತಿ ಖೋತಾ. ಇದನ್ನು ಜಾರಿಗೆ ತಂದವರಲ್ಲಿ ನಾನೂ ಒಬ್ಬ. ಮೂರನೆಯ ತಾರೀಖಿಗೆ ತಿಥಿಗೆ ಹೋಗಿ ಬೋನಸ್ಸು ಕಳೆದುಕೊಂಡವನಿಗೆ ಉಳಿದ ಇಪ್ಪತ್ತೇಳು ದಿನ ಜೋಪಾನ ಮಾಡಲು ಏನು ಉಳಿಯಿತು? ಹೇಗೂ ಹೋಯಿತಲ್ಲ ಎಂದು ಇನ್ನೆರಡು ದಿನ ಸಲೀಸಾಗಿ ಹಾಕುತ್ತಾನೆ. ಮೊದಲೇ ಹೇಳಿ ಪಡೆದ ರಜೆಗೆ ಬೋನಸ್ಸು ಕಡಿಯದೆ, ಹೇಳದೆ ತಪ್ಪಿದ್ದಕ್ಕೆ ಮಾತ್ರ ಅಷ್ಟಷ್ಟೇ ಕಡಿಮೆ ಮಾಡುತ್ತಾ ಬಂದರೆ, ಹೇಳುವುದರಿಂದ ಲಾಭವಿದೆ ಎಂದು ಜನಕ್ಕೆ ಅರ್ಥವಾಗುತ್ತದೆ. ಇವತ್ತು ನಮ್ಮ ಬಹುಪಾಲು ಕಡೆ ಹೇಳಿದವನಿಗೂ ಹೇಳದವನಿಗೂ ಒಂದೇ ಕೆಂಪು ಶಾಯಿ.

ಇನ್ನು ಬಾರದವರ ಜಾಗ ತುಂಬುವುದು. ಮುಂಬಯಿ ಗಿರಣಿಗಳಲ್ಲಿ 'ಬದಲಿ' ಎಂಬ ಕಾರ್ಮಿಕರಿದ್ದರು. ದಿನಾ ಬೆಳಗ್ಗೆ ಗೇಟಿನಲ್ಲಿ ನಿಂತು, ಯಾರಾದರೂ ಬಾರದಿದ್ದರೆ ಒಳಗೆ ಹೋಗುವವರು. ಅವರ ಬದುಕು ಇನ್ನೊಬ್ಬರ ಕಾಯಿಲೆಯ ಮೇಲೆ ನಿಂತಿತ್ತು. ಆ ವ್ಯವಸ್ಥೆ ನಮಗೆ ಬೇಡ. ನಮ್ಮಲ್ಲೇ ಅದಕ್ಕಿಂತ ಮಾನವಂತ ಪದ್ಧತಿ ಇದೆ. ಮುಯ್ಯಾಳು. ಇವತ್ತು ನಿನ್ನ ಹೊಲದ ಕಳೆಗೆ ನಾನು, ನಾಳೆ ನನ್ನ ಹೊಲದ ಕೊಯ್ಲಿಗೆ ನೀನು. ದುಡ್ಡಿನ ಮಾತಿಲ್ಲ, ಆದರೆ ಲೆಕ್ಕ ತಪ್ಪುವುದಿಲ್ಲ. ಮುಯ್ಯಿ ತೀರಿಸದವನು ಊರಿನಲ್ಲಿ ತಲೆಯೆತ್ತಿ ನಡೆಯಲಾರ. ಕಾರ್ಖಾನೆಯ ಪಾಳಿಗಳಲ್ಲಿ ಇದನ್ನು ಯಾಕೆ ತರಬಾರದು? ಬೆಳಗಿನ ಪಾಳಿಯವಳು ಸಂಜೆಯವಳ ಜೊತೆ ದಿನ ಬದಲಿಸಿಕೊಳ್ಳಲಿ, ಕಚೇರಿಗೆ ಒಂದು ಮಾತು ತಿಳಿಸಲಿ, ಸಾಕು. ಇಬ್ಬರೂ ತಮ್ಮ ತಮ್ಮ ದಿನದ ಕೂಲಿ ಪಡೆಯುತ್ತಾರೆ, ಹಸಿ ಕಾಯಿ ಹುಳಿಯುವುದಿಲ್ಲ. ಇದು ನಡೆಯಬೇಕಾದರೆ ಕರಟ ಬಿಡಿಸುವವರಿಗೆ ಸಿಪ್ಪೆ ಹೆರೆಯುವುದು, ತುಂಬುವವರಿಗೆ ಜರಡಿ ಹಿಡಿಯುವುದು ಬರಬೇಕು. ಕೆಲಸ ಕಡಿಮೆ ಇರುವ ದಿನಗಳಲ್ಲಿ ಕಲಿಸಿದರೆ ಆಯಿತು.

ಕಾಯಿ ಕೀಳುವವರನ್ನು ಮರೆತರೆ ಈ ಮಾತು ಅರ್ಧಕ್ಕೆ ನಿಂತ ಹಾಗೆ. ಒಂದೊಂದು ತೋಟದಲ್ಲಿ ಒಂದೂವರೆ ಎರಡು ತಿಂಗಳಿಗೊಮ್ಮೆ ಮರ ಹತ್ತುವ ಆಳಿಗೆ ಯಾವ ಕಾಯ್ದೆಯ ಯಾವ ಕಲಮೂ ಸಂಬಳದ ರಜೆ ಕೊಡುವುದಿಲ್ಲ. ಒಂದೊಂದು ದಿನ ಒಂದೊಂದು ತೋಟ, ಒಂದೊಂದು ದಿನ ಒಬ್ಬೊಬ್ಬ ಯಜಮಾನ. ಅವನು ಬಾರದ ದಿನ ತೋಟದಿಂದ ಕಾರ್ಖಾನೆಯವರೆಗಿನ ಇಡೀ ಸರಪಳಿ ಕಾಯುತ್ತದೆ, ಬೈಯುತ್ತದೆ. ಮೈ ಸರಿಯಿಲ್ಲದೆ ಹತ್ತಿ ಕಾಲು ಜಾರಿದರೆ ಅದೇ ಸರಪಳಿ ಮಾರನೆಯ ದಿನ ಬೇರೆಯವನನ್ನು ಕರೆಯುತ್ತದೆ. ತೆಂಗು ಅಭಿವೃದ್ಧಿ ಮಂಡಳಿ ಮರ ಹತ್ತುವವರಿಗೆ ಕೇರ ಸುರಕ್ಷಾ ಎಂಬ ಅಪಘಾತ ವಿಮೆ ತಂದಿದೆ. ನಮ್ಮ ಎಷ್ಟು ಮಂದಿ ತೋಟದವರು ನಾವು ಕರೆಯುವ ಆಳಿನ ಹೆಸರು ಅದರಲ್ಲಿದೆಯೇ ಎಂದು ಕೇಳಿದ್ದೇವೆ? ನಾಲ್ಕು ಹಳ್ಳಿಯ ತೋಟದವರು ಸೇರಿ ಒಬ್ಬನಿಗೆ ವರ್ಷದ ಕೆಲಸ ಹಂಚಿ, ಕೊಯ್ಲಿನ ಕೂಲಿಯ ಜೊತೆ ಸ್ವಲ್ಪ ತೆಗೆದಿಟ್ಟು, ಅವನ ಊರ ಹಬ್ಬಕ್ಕೂ ಜ್ವರಕ್ಕೂ ಕೊಟ್ಟರೆ, ಅದು ದಾನವಲ್ಲ. ಅವನು ಮೂವತ್ತು ಅಡಿ ಮೇಲಿಂದ ಕೆಡವಿದ ಕಾಯಿಯ ಬೆಲೆಯಲ್ಲಿ ಅವನ ಪಾಲು.

ನನ್ನ ಕೊನೆಯ ವರ್ಷಗಳಲ್ಲಿ, ನನ್ನ ಕೈಗೆ ಬಿಟ್ಟ ಒಂದು ವಿಭಾಗದಲ್ಲಿ ಇದರಲ್ಲಿ ಸ್ವಲ್ಪವನ್ನು ಮಾಡಿ ನೋಡಿದೆ. ಯುಗಾದಿಗೆ ಮುಂಚೆ ಎಲ್ಲರನ್ನೂ ಕೂರಿಸಿ, ಪಂಚಾಂಗ ಬಿಚ್ಚಿ, ಯಾರ ಊರ ಜಾತ್ರೆ ಯಾವತ್ತು, ಯಾರ ಹೊಲದಲ್ಲಿ ರಾಗಿ, ಯಾರ ಮನೆಯಲ್ಲಿ ಮದುವೆ ಎಂದು ಒಂದು ದೊಡ್ಡ ಹಾಳೆಯ ಮೇಲೆ ಬರೆದೆವು. ಒಂದೇ ದಿನಕ್ಕೆ ಹತ್ತು ಹೆಸರು ಬಿದ್ದ ಕಡೆ ಅವರೇ ಜಗಳವಾಡಿ, ಅವರೇ ಹಂಚಿಕೊಂಡರು. ಹಾಳೆಯನ್ನು ಊಟದ ಮನೆಯ ಗೋಡೆಗೆ ಅಂಟಿಸಿದೆವು. ಮೊದಲ ತಿಂಗಳು ಯಾರೂ ನಂಬಲಿಲ್ಲ. ಹಾಳೆಯಲ್ಲಿದ್ದ ದಿನ ರಜೆ ಹೋಗಿ ಬಂದವರು, ಬಟವಾಡೆ ದಿನ ಲಕೋಟೆ ಬಿಚ್ಚಿ ಎರಡು ಸಲ ಎಣಿಸಿ ನೋಡಿಕೊಂಡರು. ಎರಡನೆಯ ತಿಂಗಳಿಂದ ಕಚೇರಿಯ ಫೋನು ಬೆಳಗ್ಗೆ ಆರೂವರೆಗೇ ಹೊಡೆದುಕೊಳ್ಳಲು ಶುರುವಾಯಿತು. ನಾನು ನೋಟಿಸು ಬರೆದಿದ್ದೆನಲ್ಲ, ಆ ಹೆಣ್ಣುಮಗಳೂ ಒಂದು ದಿನ ಫೋನು ಮಾಡಿದಳು. "ಸಾ, ಮಗೀಗೆ ರಾತ್ರಿಯಿಂದ ಜ್ವರ. ಇವತ್ತು ಬರಕ್ಕಾಗಲ್ಲ. ಸಂಜೆ ಪಾಳಿ ನಮ್ಮಕ್ಕ ಈಗ ನನ್ನ ಬದಲು ಬತ್ತಾಳೆ, ಬಸ್ಸು ಹತ್ಸಿದೀನಿ. ನಾಳಿದ್ದು ಅವ್ಳ ಪಾಳಿಗೆ ನಾನು ಬತ್ತೀನಿ. ಬರ್ಕಳಿ."

ಬರೆದುಕೊಂಡೆ.